ತಾಳಗುಪ್ಪ ರೈಲಿನ ವೇಳಾಪಟ್ಟಿ ಬರೆಯುವ ಮಹನೀಯರಿಗೆ



ಬೆಳಗಿನ ಜಾವ ಮೂರು ಗಂಟೆ. ಊರು ಮಲಗಿದೆ, ಊರಿನ ನಾಯಿಗಳೂ ಮಲಗಿವೆ. ನನಗೆ ಮಾತ್ರ ಇನ್ನೂ ಕ್ಯಾಲಿಫೋರ್ನಿಯಾದ ಮಧ್ಯಾಹ್ನ. ಈ ಹೊತ್ತಿನಲ್ಲಿ ಎಚ್ಚರವಿದ್ದವನಿಗೆ ಮಾಡಲಿಕ್ಕೆ ಎರಡೇ ಕೆಲಸ: ಅಡಿಕೆ ಧಾರಣೆ ನೋಡುವುದು, ಇಲ್ಲವೇ ನಿಮಗೆ ಕಾಗದ ಬರೆಯುವುದು. ಧಾರಣೆ ಆಗಲೇ ನೋಡಿಯಾಯಿತು. ಅದರಿಂದ ಮನಸ್ಸೇನೂ ಅರಳಲಿಲ್ಲ.

ನಿಮ್ಮ ಹೆಸರು ಗೊತ್ತಿಲ್ಲ. ನೀವು ಒಬ್ಬರೋ ಹತ್ತು ಜನರೋ ಅದೂ ಗೊತ್ತಿಲ್ಲ. ಬೆಂಗಳೂರಿಗೆ ಹೊರದೇಶದ ವಿಮಾನ ಯಾವ ಹೊತ್ತಿಗೆ ಇಳಿಯುತ್ತದೆ ಎಂದು ನೀವು ಒಮ್ಮೆಯೂ ಯಾರನ್ನೂ ಕೇಳಿಲ್ಲ ಎನ್ನುವುದು ಮಾತ್ರ ಖಾತ್ರಿಯಾಗಿ ಗೊತ್ತು.

ಮಗಳ ಬಾಣಂತನಕ್ಕೆ ಹೋಗಿದ್ದೆವು, ನಾನೂ ನನ್ನ ಹೆಂಡತಿಯೂ. ನಮ್ಮ ಮನೆ ಹೊಸನಗರದಿಂದ ಒಳಗೆ. ಈಗ ಈ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಎರಡು ಗಡಿಯಾರ, ಒಂದು ಇಲ್ಲಿಯದು, ಒಂದು ಮಕ್ಕಳಿದ್ದಲ್ಲಿಯದು. ಸಾಗರ, ತೀರ್ಥಹಳ್ಳಿ ಕಡೆಯಲ್ಲೂ ಇದೇ ಕತೆ. ತೋಟಕ್ಕೆ ಒಬ್ಬ ಮುದುಕ, ಅಡಿಗೆಮನೆಗೆ ಒಬ್ಬ ಮುದುಕಿ, ಉಳಿದವರೆಲ್ಲ ವಾಟ್ಸಾಪಿನಲ್ಲಿ. ಹಾಗಾಗಿ ನಾವು ಮುದುಕರು ವರ್ಷದಲ್ಲಿ ಒಮ್ಮೆಯಾದರೂ ಸಮುದ್ರ ದಾಟುತ್ತೇವೆ. ದಾಟುವುದು ಸುಲಭ. ದಾಟಿ ಬಂದ ಮೇಲೆ ಬೆಂಗಳೂರಿನಿಂದ ಮನೆ ಸೇರುವುದೇ ಕಷ್ಟ.

ಮಗಳು ಬುದ್ಧಿವಂತೆ, ವಾಪಸು ಬರುವ ಪ್ರಯಾಣಕ್ಕೆ ಒಂದು ಪಟ್ಟಿ ಮಾಡಿದಳು. ವಿಮಾನದ ಸಾಲು ಅರ್ಧ ವರ್ಷ ಮೊದಲೇ ತುಂಬಿತು. ರೈಲಿನ ಸಾಲು ಖಾಲಿ. ಏಕೆಂದರೆ ಮೊದಲು 120 ದಿನ ಮುಂಚೆ ಕೊಡುತ್ತಿದ್ದ ಟಿಕೆಟ್ಟನ್ನು 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿಸಿದ್ದೀರಿ. ಇರಲಿ, ನಿಮ್ಮ ಇಷ್ಟ. ಆದರೆ ಅದೇ ಆದೇಶದಲ್ಲಿ ಇನ್ನೊಂದು ಮಾತಿದೆ: ವಿದೇಶಿ ಪ್ರವಾಸಿಗರಿಗೆ ಇದ್ದ 365 ದಿನಗಳ ಸೌಲಭ್ಯ ಹಾಗೆಯೇ ಮುಂದುವರಿಯುತ್ತದೆ!

ಸ್ವಾಮಿ, ನನ್ನ ಮೊಮ್ಮಗ ಅಮೆರಿಕದ ಪಾಸ್‌ಪೋರ್ಟಿನವನು. ಇನ್ನೂ ಹಲ್ಲು ಬಂದಿಲ್ಲ, ಕತ್ತು ಈಗಷ್ಟೇ ನಿಂತಿದೆ. ನಿಮ್ಮ ಕಣ್ಣಿಗೆ ಅವನು ಒಂದು ವರ್ಷದ ಮುಂದಾಲೋಚನೆ ಮಾಡಬಲ್ಲ ಗಣ್ಯ ವ್ಯಕ್ತಿ. ಅವನ ಅಜ್ಜ, ಮೀಟರ್ ಗೇಜ್ ಹಳಿಯ ಮೇಲೆ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ರೈಲ್‌ಬಸ್ಸಿನಲ್ಲಿ ಕುಲುಕಾಡಿಕೊಂಡು ಓಡಾಡಿದವನು, 60 ದಿನಕ್ಕಿಂತ ಆಚೆ ಯೋಚಿಸಲು ಅರ್ಹನಲ್ಲ. ಬದುಕಿರುತ್ತಾನೋ ಇಲ್ಲವೋ ಎಂಬ ಅನುಮಾನವೇ?

ಅರವತ್ತನೆಯ ದಿನ ಬಂತು. ಇಲ್ಲಿ ಬೆಳಗ್ಗೆ ಎಂಟು, ಅಲ್ಲಿ ಸಂಜೆ ಏಳೂವರೆ. ಮಗಳು ಒಂದು ತೊಡೆಯ ಮೇಲೆ ಮಗು, ಇನ್ನೊಂದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಸಾಗರ ಎಂದು ಹುಡುಕಿದರೆ ಮಧ್ಯಪ್ರದೇಶದ ಸಾಗರ ಬಂತು. ನಮ್ಮ ನಿಲ್ದಾಣ ಸಾಗರ ಜಂಬಗಾರು ಎಂದು ನೆನಪಿಸುವಷ್ಟರಲ್ಲಿ ದೀಪಾವಳಿಗೆ ಊರಿಗೆ ಹೋಗುವ ಬೆಂಗಳೂರಿನ ಜನ ಸೀಟು ನುಂಗಿ ಮುಗಿಸಿದ್ದರು. ನಮಗೆ ಸಿಕ್ಕಿದ್ದು ವೇಟಿಂಗ್ ಲಿಸ್ಟ್. ಕೊನೆಯವರೆಗೂ ವೇಟಿಂಗ್ ಆಗಿಯೇ ಉಳಿದು, ತಾನಾಗಿ ರದ್ದಾಗಿ, ಹಣ ಖಾತೆಗೆ ವಾಪಸು ಬಂತು. ಹಣ ನಮಗಿಂತ ಮೊದಲು ಊರು ಸೇರಿತು.

ತತ್ಕಾಲ್ ಇತ್ತಲ್ಲ ಎನ್ನುತ್ತೀರಿ. ಇತ್ತು. ಹಿಂದಿನ ದಿನ ಬೆಳಗ್ಗೆ ಹತ್ತಕ್ಕೆ ಎ.ಸಿ., ಹನ್ನೊಂದಕ್ಕೆ ಉಳಿದದ್ದು. ಆಧಾರ್ ಒಟಿಪಿ 2025ರ ಜುಲೈಯಿಂದ ಕಡ್ಡಾಯ. ಆ ಹತ್ತು ಗಂಟೆಗೆ ನಾವು ಅಟ್ಲಾಂಟಿಕ್ ಮೇಲೆ ಕಂಬಳಿ ಹೊದ್ದು ಕೂತಿದ್ದೆವು, ಮೊಬೈಲು ವಿಮಾನದವರ ಅಪ್ಪಣೆಯಂತೆ ಮೌನವ್ರತದಲ್ಲಿತ್ತು. ನಿಮ್ಮ ಒಟಿಪಿ ಪಾಪ ಎಲ್ಲೆಲ್ಲಿ ಅಲೆಯಿತೋ.

ಈಗ ಅಸಲು ವಿಷಯ. ಯುರೋಪಿನ ಕಡೆಯಿಂದ ಬರುವ ದೊಡ್ಡ ವಿಮಾನಗಳು ಬೆಂಗಳೂರಿನಲ್ಲಿ ಹೆಚ್ಚಾಗಿ ಇಳಿಯುವುದು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ನಮ್ಮ ತಾಳಗುಪ್ಪದ ರಾತ್ರಿ ರೈಲು ಬೆಂಗಳೂರು ಬಿಡುವುದು ಹನ್ನೊಂದರ ಸುಮಾರಿಗೆ. ವಿಮಾನದ ಗಾಲಿ ನೆಲ ಮುಟ್ಟುವ ಹೊತ್ತಿಗೆ ರೈಲಿನ ಗಾಲಿ ತುಮಕೂರು ದಾಟಿರುತ್ತದೆ. ಮುಂದಿನ ತಾಳಗುಪ್ಪ ರೈಲು ಮಧ್ಯಾಹ್ನ ಮೂರರ ಹೊತ್ತಿಗೆ. ಅದು ಸಾಗರ ಮುಟ್ಟುವಾಗ ರಾತ್ರಿ, ಆ ಹೊತ್ತಿಗೆ ಹೊಸನಗರದ ಕಡೆಗೆ ಬಸ್ಸು ಸಿಕ್ಕರೆ ಪೂರ್ವಜನ್ಮದ ಪುಣ್ಯ. ಬೆಳಗ್ಗೆ ಯಶವಂತಪುರದಿಂದ ಶಿವಮೊಗ್ಗಕ್ಕೆ ಒಂದು ಇಂಟರ್‌ಸಿಟಿ ಇದೆ, ಇಲ್ಲ ಎನ್ನುವುದಿಲ್ಲ. ತೀರ್ಥಹಳ್ಳಿಯವರಿಗೆ ಅದೇ ಆಧಾರ. ಆದರೆ ಅದು ಶಿವಮೊಗ್ಗದಲ್ಲೇ ಕಾಲು ಚಾಚಿ ಮಲಗುತ್ತದೆ, ಮುಂದೆ ಬರುವುದಿಲ್ಲ.

ಹೊಸ ಟರ್ಮಿನಲ್ ಮಾತ್ರ ಚೆಂದ. ಬಿದಿರು, ನೇತಾಡುವ ಗಿಡ, ಜಲಪಾತ. ನಿದ್ದೆಗಣ್ಣಿನಲ್ಲಿದ್ದ ನನ್ನ ಹೆಂಡತಿ ನೀರಿನ ಸದ್ದು ಕೇಳಿ, "ಜೋಗ ಬಂತಾ?" ಎಂದಳು. ಜೋಗ ಬಂದಿರಲಿಲ್ಲ. ಜೋಗಕ್ಕೆ ಇನ್ನೂ ಹತ್ತಿರ ಹತ್ತಿರ ನಾನೂರು ಕಿಲೋಮೀಟರ್ ಇತ್ತು.

ನಾವು ಬೆಳಕು ಹರಿಯುವವರೆಗೆ ಪೆಟ್ಟಿಗೆ ಕಾಯುತ್ತ ಕೂತು, ಬಸ್ಸು ಹಿಡಿದು, ನಗರದ ಒಂದು ನಿಲ್ದಾಣಕ್ಕೆ ಹೋದೆವು. ಕ್ಯೂ. ನನ್ನ ಸರದಿ ಬಂದಾಗ ಪಾಳಿ ಬದಲಾವಣೆ. ಪಾಳಿ ಬದಲಾದ ಮೇಲೆ ಸರ್ವರ್ ಇಲ್ಲ. ಸರ್ವರ್ ಬಂದ ಮೇಲೆ ಒಳಗಿದ್ದವರು ಹೇಳಿದರು: "ಮೂರರ ಗಾಡಿಗೆ ಜನರಲ್ ಟಿಕೆಟ್ ಕೊಡ್ತೀನಿ. ಹತ್ತೋದು ನಿಮ್ಮ ಶಕ್ತಿ." ನಾನು ನನ್ನ ಶಕ್ತಿಯನ್ನೂ, ಮಂಡಿನೋವಿನ ಹೆಂಡತಿಯನ್ನೂ, ನಾಲ್ಕು ಪೆಟ್ಟಿಗೆಗಳನ್ನೂ ನೋಡಿದೆ. ವಿಮಾನ ಇಳಿದವರಿಗೆ ಸರಿಹೊಂದುವ ರೈಲು ಯಾವುದಿದೆ ಎಂದು ಕೇಳಿದ್ದಕ್ಕೆ, "ಆ್ಯಪ್ ನೋಡಿ" ಎಂದರು. ಆ್ಯಪ್ ನೋಡಿದೆ. ಒಟಿಪಿ ಕೇಳಿತು.

ಈ ಕೌಂಟರಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಇಲ್ಲದ ರೈಲಿನ ಟಿಕೆಟ್ ಕೊಡಲು ಬರುವುದಿಲ್ಲ. ಸಿಟ್ಟಿರುವುದು ಹಳಿಯ ಮೇಲೆ. ಕೇಳಿ: ದೇವನಹಳ್ಳಿಯ ವಿಮಾನ ನಿಲ್ದಾಣದ ಪಕ್ಕದಲ್ಲೇ 2021ರ ಜನವರಿಯಿಂದ ಒಂದು ರೈಲು ನಿಲ್ದಾಣವಿದೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿ. ಬ್ರಾಡ್‌ಗೇಜ್. ಆ ಹಳಿ ಯಲಹಂಕಕ್ಕೆ, ಅಲ್ಲಿಂದ ಯಶವಂತಪುರಕ್ಕೆ, ಅಲ್ಲಿಂದ ತುಮಕೂರು, ಅರಸೀಕೆರೆ, ಬೀರೂರು, ಶಿವಮೊಗ್ಗಕ್ಕೆ, ಅಲ್ಲಿಂದ ಅರಸಾಳು, ಆನಂದಪುರ, ಸಾಗರ, ತಾಳಗುಪ್ಪಕ್ಕೆ ಒಂದೇ ಅಗಲದಲ್ಲಿ, ಎಲ್ಲೂ ತುಂಡಾಗದೆ ಕೂಡಿಕೊಂಡಿದೆ. ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಆಗಿ 2011ಕ್ಕೇ ಮುಗಿದಿದೆ. ಹೊಸ ಹಳಿ ಹಾಕಬೇಕಿಲ್ಲ, ಗುಡ್ಡ ಕೊರೆಯಬೇಕಿಲ್ಲ, ಒಂದು ಮರ ಕಡಿಯಬೇಕಿಲ್ಲ. ವಿಮಾನದ ಬಾಗಿಲಿನಿಂದ ನಮ್ಮ ಸೀಮೆಯ ಬಾಗಿಲಿಗೆ ಹಳಿ ಇದೆ. ರೈಲಿಲ್ಲ. ಬೆಳಗಿನ ಜಾವ ಐದಕ್ಕೆ ಅಲ್ಲಿಂದ ಒಂದು ಗಾಡಿ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಸಾಗರ. ಇದನ್ನು ಹೇಳಲು ತಜ್ಞರ ಸಮಿತಿ ಬೇಕೆ? ಅಡಿಕೆ ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡನಿಗೆ ಒಂದು ನಕ್ಷೆ ಕೊಟ್ಟರೆ ಅವನೂ ಹೇಳುತ್ತಾನೆ.

ಬರುವಾಗ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದೆವು. ಅಲ್ಲಿ ದೂರದ ರೈಲುಗಳ ನಿಲ್ದಾಣ 1999ರಿಂದ ವಿಮಾನ ನಿಲ್ದಾಣದಲ್ಲೇ ಇದೆ. ವಿಮಾನದ ಟಿಕೆಟ್ಟಿನ ಜೊತೆಗೇ ರೈಲಿನದೂ ಕೊಡುತ್ತಾರೆ. ಜರ್ಮನಿಯ ಮಾತು ಬೇಡ ಎನ್ನುತ್ತೀರಾ? ಸರಿ, ನಿಮ್ಮದೇ ಮಾತು ಹೇಳುತ್ತೇನೆ. 2019ರ ಏಪ್ರಿಲ್‌ನಿಂದ ಎರಡು ರೈಲುಗಳ ಪಿಎನ್‌ಆರ್ ಜೋಡಿಸುವ ಪದ್ಧತಿ ನಿಮ್ಮಲ್ಲೇ ಬಂದಿದೆ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಹಣ ವಾಪಸು. ಅಂದರೆ ಒಂದರ ಹಿಂದೆ ಒಂದು ಪ್ರಯಾಣ ಇರುತ್ತದೆ ಎನ್ನುವುದು ನಿಮಗೂ ಹೊಳೆದಿದೆ. ವಿಮಾನ ತಡವಾದರೆ ಮಾತ್ರ ಅದು ನಮ್ಮ ಹಣೆಬರಹ.

ಶಿವಮೊಗ್ಗಕ್ಕೇ ವಿಮಾನ ಇದೆಯಲ್ಲ ಎಂದು ಬೆಂಗಳೂರಿನ ನೆಂಟರು ಹೇಳುತ್ತಾರೆ. ಇದೆ. ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ ಹೆಸರು ಇಟ್ಟಿದ್ದಾರೆ, ನಮಗೆಲ್ಲ ಹೆಮ್ಮೆಯೇ. ಆದರೆ ಅಮೆರಿಕದ ವಿಮಾನ ನಮಗೆ ತಲಾ 23 ಕಿಲೋದ ಎರಡು ಪೆಟ್ಟಿಗೆ ಬಿಟ್ಟಿತ್ತು. ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ 15 ಕಿಲೋ. ಉಳಿದದ್ದನ್ನು ತಲೆಯ ಮೇಲೆ ಹೊತ್ತುಕೊಂಡು ಹಾರಬೇಕೆ? ರೈಲಿನಲ್ಲಾದರೆ ಸ್ಲೀಪರ್ ಪ್ರಯಾಣಿಕನಿಗೆ 40 ಕಿಲೋ ಉಚಿತ. ನೋಡಿ, ನಿಮ್ಮ ಪರವಾಗಿ ನಾನೇ ವಾದ ಮಾಡುತ್ತಿದ್ದೇನೆ.

ಕೊನೆಗೆ ಕಾರು ಮಾಡಿಕೊಂಡು ಬಂದೆವು. ಎಷ್ಟು ಕೊಟ್ಟೆ ಎಂದು ಬರೆಯುವುದಿಲ್ಲ, ಹೆಂಡತಿ ಈ ಕಾಗದ ಓದುತ್ತಾಳೆ.

ಇನ್ನು ವ್ಯಂಗ್ಯ ಸಾಕು, ನನಗೂ ಸುಸ್ತಾಗಿದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದಾಗ ಮುಳುಗಿದ್ದು ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಮನೆ, ದೇವಸ್ಥಾನ. ಅದರ ವಿದ್ಯುತ್ತಿನಿಂದ ಊರೂರಿನ ದೀಪ ಹೊತ್ತಿತು. 2019ರಲ್ಲಿ ಅದೇ ಶರಾವತಿಯ ನೀರನ್ನು ಪಂಪು ಮಾಡಿ ಬೆಂಗಳೂರಿಗೆ ಒಯ್ಯುವ ಮಾತು ಬಂತು, ಜಿಲ್ಲೆಯ ಜನ ಬೀದಿಗಿಳಿದರು. ಘಟ್ಟದ ಮೂಲೆಯ ನೀರನ್ನು ಬೆಂಗಳೂರಿಗೆ ಏರಿಸುವ ಯೋಜನೆ ಹಾಕಲು ನಿಮ್ಮಂಥವರಿಗೆ ಬರುತ್ತದೆ. ಬೆಂಗಳೂರಿನಲ್ಲಿ ಇಳಿದ ಇಬ್ಬರು ಮುದುಕರನ್ನು, ಇರುವ ಹಳಿಯ ಮೇಲೆ, ಮನೆಗೆ ಕಳಿಸುವ ಯೋಜನೆ ಮಾತ್ರ ಬರುವುದಿಲ್ಲ. ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದಿರಿ, ಹೆಂಗಸರಿಗೆ ಅರ್ಧ, ಗಂಡಸರಿಗೆ ನೂರಕ್ಕೆ 40 ಇತ್ತು. ಅದನ್ನು ಕೇಳುತ್ತಿಲ್ಲ. ಪೂರ್ತಿ ದುಡ್ಡು ತೆಗೆದುಕೊಳ್ಳಿ. ತೀರ್ಥಹಳ್ಳಿಗೆ ರೈಲು ತನ್ನಿ ಎಂದೂ ಕೇಳುತ್ತಿಲ್ಲ. ಹೊಸನಗರ ಪೇಟೆಗೆ ತನ್ನಿ ಎಂದೂ ಇಲ್ಲ. ನಮ್ಮ ತಾಲ್ಲೂಕಿನ ಅರಸಾಳಿನಲ್ಲಿ ನೀವು ಹಳೆಯ ನಿಲ್ದಾಣದ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದೀರಿ, ಶಂಕರನಾಗ್ ಅಲ್ಲಿ ಮಾಲ್ಗುಡಿ ಕತೆಗಳ ಚಿತ್ರೀಕರಣ ಮಾಡಿದ ನೆನಪಿಗೆ. ಚೆನ್ನಾಗಿದೆ. ರೈಲಿನ ನೆನಪು ಕಾಪಾಡುವುದರಲ್ಲಿ ನೀವು ಎತ್ತಿದ ಕೈ. ನಮಗೆ ಬೇಕಾದ್ದು ಬೆಳಗಿನ ಜಾವ ಐದಕ್ಕೆ ಒಂದು ರೈಲು.

ಒಂದು ರೈಲು, ಅಷ್ಟೇ. ದಿನಾ ಬೇಡ ಎನಿಸಿದರೆ ವಾರಕ್ಕೆ ಮೂರು ದಿನ ಬಿಡಿ, ವಿಮಾನ ಯಾವ ದಿನ ಎಂದು ನೋಡಿ ನಾವೇ ಹೊಂದಿಸಿಕೊಳ್ಳುತ್ತೇವೆ. ಇಷ್ಟು ವರ್ಷ ಹೊಂದಿಸಿಕೊಂಡವರಿಗೆ ಅದೇನು ಹೊಸದಲ್ಲ.

ಅದೂ ಆಗದಿದ್ದರೆ ನನ್ನ ಹತ್ತಿರ ಇನ್ನೊಂದು ಉಪಾಯವಿದೆ. ಮುಂದಿನ ವರ್ಷ ನಾವು ಮತ್ತೆ ಹೋಗಿ ಮೊಮ್ಮಗನನ್ನು ಕರೆದುಕೊಂಡು ಬರುತ್ತೇವೆ. ವಿದೇಶಿಯಾದ್ದರಿಂದ ಅವನ ಹೆಸರಿನಲ್ಲಿ 365 ದಿನ ಮೊದಲೇ ಒಂದು ಬರ್ತ್ ಹಿಡಿಯುತ್ತೇವೆ. ಐದು ವರ್ಷದೊಳಗಿನವನಿಗೆ ಟಿಕೆಟ್ಟೇ ಬೇಡ ಎನ್ನಬೇಡಿ, ಬರ್ತ್ ಬೇಕು, ಪೂರ್ತಿ ದರ ಕೊಡುತ್ತೇವೆ. ನಾನೂ ನನ್ನ ಹೆಂಡತಿಯೂ ಅವನ ಸಾಮಾನು. ಇಂತಿಷ್ಟು ಕಿಲೋ ಉಚಿತ ಎಂದು ನೀವೇ ಹೇಳಿದ್ದೀರಿ. ನಾವಿಬ್ಬರೂ ಸೇರಿ ಅದಕ್ಕಿಂತ ಹೆಚ್ಚಾಗುತ್ತೇವೆ. ಹೆಚ್ಚುವರಿ ತೂಕಕ್ಕೆ ಎಷ್ಟು ಕಟ್ಟಬೇಕು, ಯಾವ ಕೌಂಟರಿನಲ್ಲಿ, ಆ ಕೌಂಟರು ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ದಯವಿಟ್ಟು ಮರುಟಪಾಲಿನಲ್ಲಿ ತಿಳಿಸಿ. ಒಟಿಪಿ ಕಳಿಸಬೇಡಿ.

ಇತಿ,
ಹೊಸನಗರ ತಾಲ್ಲೂಕಿನ ಒಬ್ಬ ವೇಟಿಂಗ್ ಲಿಸ್ಟ್ ಪ್ರಯಾಣಿಕ