ಹುಲಿಯನ ಪಂಚಾಂಗ

ನಮ್ಮ ಕಡೆ ನಾಯಿಯನ್ನು ಯಾರೂ ವಾಕಿಂಗ್ ಕರೆದುಕೊಂಡು ಹೋಗುವುದಿಲ್ಲ. ಬೇಕೆನಿಸಿದರೆ ಅದೇ ಹೋಗಿ, ನಾಲ್ಕು ಮನೆಯ ಹಿತ್ತಿಲು ವಿಚಾರಿಸಿಕೊಂಡು, ಊಟದ ಹೊತ್ತಿಗೆ ಸರಿಯಾಗಿ ಬಂದು ಜಗಲಿ ಮೇಲೆ ಮಲಗುತ್ತದೆ. ಹೀಗಿರುವಾಗ, ನಿವೃತ್ತನಾಗಿ ನಂಜನಗೂಡು ಸೀಮೆಯ ಈ ಊರಿಗೆ ವಾಪಸು ಬಂದ ನಾನು ಕೊರಳಿಗೆ ಬೆಲ್ಟು ಹಾಕಿದ ನಾಯಿಯೊಂದಿಗೆ ಬೆಳಗಾಗೆದ್ದು ಕೆರೆ ಏರಿ ಹತ್ತಿದರೆ ಜನ ಸುಮ್ಮನಿರುತ್ತಾರೆಯೇ? ಎಮ್ಮೆ ಮೇಯಿಸುವ ಯಜಮಾನರು ಬಾಯಲ್ಲಿದ್ದ ಬೀಡಿ ತೆಗೆದು ಕೇಳೇ ಬಿಟ್ಟರು: "ಅದ್ಯಾಕ್ ಸ್ವಾಮಿ, ನಾಯಿಗೂ ಸಕ್ಕರೆ ಕಾಯ್ಲೆನಾ?"

ಸಕ್ಕರೆ ಕಾಯಿಲೆ ನನ್ನದು. ದಿನಾ ಮುಕ್ಕಾಲು ಗಂಟೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ನನ್ನೊಬ್ಬನನ್ನೇ ಬಿಟ್ಟರೆ ನಡಿಗೆ ಟೀ ಅಂಗಡಿಯ ಬೆಂಚಿನಲ್ಲಿ ಮುಗಿಯುತ್ತದೆಂದು ನನ್ನ ಹೆಂಡತಿಗೆ ಗೊತ್ತು. ಅದಕ್ಕೇ ಜೊತೆಗೊಂದು ಕಾವಲು. ಮಹಾಪ್ರಸ್ಥಾನದಲ್ಲಿ ಧರ್ಮರಾಯ ಮುಂದೆ ನಡೆದ, ನಾಯಿ ಹಿಂದೆ ಹೋಯಿತು. ನಮ್ಮಲ್ಲಿ ನಾಯಿ ಮುಂದೆ. ಹಗ್ಗದ ಈ ತುದಿಯಲ್ಲಿ, ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು, ಧರ್ಮರಾಯ.

ಹೆಸರು ಹುಲಿಯ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಗುತ್ತಿಯ ನಾಯಿ ಹುಲಿಯನನ್ನು ಹೇಳಿಕೊಡಬೇಕಾಗಿಲ್ಲ. ತೇಜಸ್ವಿಯವರ 'ಕರ್ವಾಲೋ' ಕಾದಂಬರಿಯ 'ಕಿವಿ' ಎಂಬ ಹೆಸರೂ ಮನೆಯಲ್ಲಿ ಚರ್ಚೆಗೆ ಬಂದಿತ್ತು. ಆದರೆ ನಮ್ಮ ಮರಿಗೆ ಇದ್ದದ್ದೇ ಒಂದೂವರೆ ಕಿವಿ. ಬೀದಿಯಲ್ಲಿದ್ದಾಗ ಮಿಕ್ಕರ್ಧವನ್ನು ಯಾರೋ ಕಚ್ಚಿಕೊಂಡು ಹೋಗಿದ್ದರು. ಅಂಥವನನ್ನು ಕಿವಿ ಎಂದು ಕರೆಯುವುದು ಹಂಗಿಸಿದ ಹಾಗೆ. ಹುಲಿಯ ಎಂದಾಗ ಹೆಂಡತಿ ತಕರಾರು ತೆಗೆದಳು. "ಪಾಪ, ಆ ಹುಲಿಯ ತುಂಗಾ ಹೊಳೇಲಿ ಕೊಚ್ಚಿಕೊಂಡು ಹೋಯ್ತಲ್ರೀ. ಕೆರೆ ಕಡೆ ಓಡಾಡೋ ನಾಯಿಗೆ ಆ ಹೆಸರು ಬೇಡ." ಅವಳು ಅಷ್ಟು ಚಿಂತೆ ಮಾಡಬೇಕಾಗಿರಲಿಲ್ಲ. ಏರಿ ಮೇಲೆ ಅಂಗೈಯಗಲ ನೀರು ನಿಂತಿದ್ದರೂ ನಮ್ಮ ಹುಲಿಯ ಒಂದು ಕಾಲೆತ್ತಿ ನಿಂತು, ನನ್ನ ಮುಖ ನೋಡಿ, ದಾಟಿಸು ಎನ್ನುತ್ತಾನೆ.

ಕೆರೆ ದೊಡ್ಡದಲ್ಲ. ಏರಿಯ ಬುಡದಲ್ಲಿ ನಾರಾಯಣಸ್ವಾಮಿ ಗುಡಿ, ನಡುವೆ ತೂಬು, ಆ ತುದಿಗೆ ಕೋಡಿ, ಅದರಾಚೆ ಗದ್ದೆ. ಏರಿಯುದ್ದಕ್ಕೂ ಹೊಂಗೆ, ಅಲ್ಲೊಂದು ಇಲ್ಲೊಂದು ಜಾಲಿ. ಹತ್ತು ನಿಮಿಷದ ಈ ದಾರಿ ಮುಗಿಯಲು ಹುಲಿಯನಿಗೆ ಮುಕ್ಕಾಲು ಗಂಟೆ ಬೇಕು. ಡಾಕ್ಟರು ಹೇಳಿದ ಹೊತ್ತೇನೋ ಭರ್ತಿಯಾಗುತ್ತದೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ನಾನು ನಿಂತಿರುತ್ತೇನೆ, ಅವನು ಮೂಸುತ್ತಿರುತ್ತಾನೆ.

ಮೂಸುವುದನ್ನು ಹತ್ತಿರದಿಂದ ನೋಡಬೇಕು. ನಾವು ಉಸಿರು ಬಿಟ್ಟರೆ ಮೂಗಿನೊಳಗಿದ್ದ ವಾಸನೆಯೂ ಹೊರಟುಹೋಗುತ್ತದೆ. ನಾಯಿಯ ಮೂಗಿಗೆ ಪಕ್ಕದಲ್ಲಿ ಎರಡು ಸೀಳು. ಬಿಟ್ಟ ಉಸಿರು ಆ ಸೀಳಿನಿಂದ ಆಚೆ ಹೋಗುತ್ತಿರುವಾಗಲೇ ಮುಂದಿನಿಂದ ಹೊಸ ವಾಸನೆ ಮೂಗಿನ ಹತ್ತಿರಕ್ಕೆ ಬರುತ್ತಿರುತ್ತದೆ. ಹುಲಿಯ ಕಲ್ಲು ಮೂಸಿದರೆ ಸೀಳಿನ ಗಾಳಿಗೆ ಎರಡೂ ಪಕ್ಕದ ದೂಳು ಸಣ್ಣಗೆ ಏಳುವುದನ್ನು ನಾನೇ ಕೂತು ನೋಡಿದ್ದೇನೆ. ಏರಿ ಮೇಲೆ ಹೀಗೆ ಕುಕ್ಕುರುಗಾಲಲ್ಲಿ ಕೂತ ನನ್ನನ್ನು ನೋಡಿದವರು ಸಕ್ಕರೆ ಕಾಯಿಲೆಯ ಜೊತೆಗೆ ಇನ್ನೊಂದು ಕಾಯಿಲೆಯನ್ನೂ ಊಹಿಸಿರಬೇಕು.

ಈ ಮೂಗಿನಿಂದಾಗಿ ನಮ್ಮಿಬ್ಬರ ಋತುಗಳು ಬೇರೆಬೇರೆಯಾದವು. ನನ್ನದು ಗೋಡೆಯ ಕ್ಯಾಲೆಂಡರು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟಿತು, ಯುಗಾದಿಗೆ ಹೊಂಗೆ ಚಿಗುರಿತು, ಮೇ ತಿಂಗಳಲ್ಲಿ ಬಸ್‌ಸ್ಟಾಂಡಿನ ಗುಲ್‌ಮೊಹರ್ ಕೆಂಪಾಯಿತು ಎಂದು ನಾನು ಸಂಭ್ರಮಿಸುತ್ತೇನೆ. ನಾಯಿಯ ಕಣ್ಣಿಗೆ ಕೆಂಪು ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ನೀಲಿ ಹಳದಿಯಲ್ಲೇ ಅದರ ಸಂಸಾರ. ನಾನು ಬಾಯಿ ತೆರೆದು ಮೇಲೆ ನೋಡುತ್ತ ನಿಂತರೆ ಹುಲಿಯ ಅದೇ ಮರದ ಬುಡಕ್ಕೆ ತನ್ನದೊಂದು ಟಿಪ್ಪಣಿ ಸೇರಿಸಿ ಮುಂದೆ ಹೋಗುತ್ತಾನೆ.

ಅವನ ವರ್ಷ ಶುರುವಾಗುವುದು ಧನುರ್ಮಾಸದಲ್ಲಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಾರಾಯಣಸ್ವಾಮಿಗೆ ಕತ್ತಲಿರುವಾಗಲೇ ಪೂಜೆ, ಆಮೇಲೆ ಬಿಸಿಬಿಸಿ ಹುಗ್ಗಿ. ಕೆರೆಯ ಮೇಲೆ ಇಬ್ಬನಿ ಎಷ್ಟು ದಟ್ಟವಾಗಿರುತ್ತದೆಂದರೆ ಹಗ್ಗ ಕೈಯಲ್ಲಿದ್ದರೂ ಅದರ ಆಚೆ ತುದಿಯಲ್ಲಿ ನಾಯಿ ಇದೆಯೆಂದು ನಂಬಿಕೆಯ ಮೇಲೆ ನಡೆಯಬೇಕು. ಮಿಕ್ಕ ಕಾಲದಲ್ಲಿ ಕಲ್ಲುಕಲ್ಲಿಗೂ ನಿಲ್ಲುವವನು ಈ ಒಂದು ತಿಂಗಳು ಎಲ್ಲಿಯೂ ನಿಲ್ಲುವುದಿಲ್ಲ. ಮೆಣಸು, ತುಪ್ಪ, ಹುರಿದ ಹೆಸರುಬೇಳೆಯ ಘಮ ಅವನನ್ನು ಎಳೆಯುತ್ತದೆ, ಅವನು ನನ್ನನ್ನು ಎಳೆಯುತ್ತಾನೆ. ಡಾಕ್ಟರು ಬಯಸಿದ ವೇಗ ನನಗೆ ಬರುವುದು ಆಗ ಮಾತ್ರ. ಅರ್ಚಕರು ಎಲ್ಲರಿಗೂ ದೊನ್ನೆ ಹಂಚಿ, ಕಡೆಗೆ ಒಂದನ್ನು ಮೆಟ್ಟಿಲ ಪಕ್ಕ ಇಡುತ್ತಾರೆ. "ಮಂಗಳಾರತಿ ಆಗೋವರೆಗೆ ಕದಲದೆ ಕೂತಿರ್ತಾನೆ ನೋಡಿ. ನೀವೇ ನಡುನಡುವೆ ಮೊಬೈಲ್ ನೋಡ್ತೀರಿ," ಎಂದು ಒಮ್ಮೆ ನನಗೆ ಎಲ್ಲರ ಎದುರಿಗೇ ಹೇಳಿದರು.

ಸಂಕ್ರಾಂತಿಗೆ ಹುಗ್ಗಿ ನಿಲ್ಲುತ್ತದೆ. ಸೂರ್ಯ ಮಕರಕ್ಕೆ ಹೋದ ಸಂಗತಿಯನ್ನು ಹುಲಿಯ ಒಪ್ಪುವುದಿಲ್ಲ. ರಥಸಪ್ತಮಿ ಹತ್ತಿರ ಬಂದರೂ ದಿನಾ ಹೋಗಿ, ಬಾಗಿಲು ಹಾಕಿದ ಗುಡಿಯ ಮೆಟ್ಟಿಲ ಪಕ್ಕ ಅದೇ ಜಾಗದಲ್ಲಿ ಕೂತು, ನನ್ನ ಕಡೆ ತಿರುಗುತ್ತಾನೆ. ಸರ್ಕಾರಿ ನೌಕರಿಯಲ್ಲಿದ್ದಾಗ ನಮ್ಮ ಕಚೇರಿಯ ಮುಂದೆ ಹೀಗೇ ಕೂರುತ್ತಿದ್ದವರ ಮುಖ ನೆನಪಾಗಿ ನಾನು ಕೆರೆಯ ಕಡೆ ನೋಡುತ್ತೇನೆ.

ಅಲ್ಲಿ ಆ ಹೊತ್ತಿಗೆ ಪರದೇಶದ ಅತಿಥಿಗಳು. ಹದಿನಾರು ಎಂಬ ಊರಿನ ಕೆರೆಗೆ ಪ್ರತಿ ಚಳಿಗಾಲ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಒಂದು ಗುಂಪು ಕೆಲವು ವರ್ಷ ನಮ್ಮ ಕೆರೆಯಲ್ಲೂ ಇಳಿಯುತ್ತದೆ. ಬಿಳಿ ತಲೆಯ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ ಕಡೆಯಿಂದ ಹೊರಟು, ಹಿಮಾಲಯ ದಾಟಿ, ನಮ್ಮೂರ ಗದ್ದೆಯ ಕೂಳೆಯಲ್ಲಿ ಉದುರಿದ ಭತ್ತ ತಿನ್ನಲು ಬರುತ್ತವೆ. ಮೈಸೂರಿನಿಂದ ಮೊಳದುದ್ದದ ಕ್ಯಾಮರಾ ಹೊತ್ತವರೂ ಬರುತ್ತಾರೆ. ನಾಯಿಯನ್ನು ಕಂಡರೆ ಅವರು ಕೊಲೆಗಾರನನ್ನು ಕಂಡಂತೆ ನೋಡುತ್ತಾರೆ. ಅವರು ಹೇಳುವುದೂ ಸರಿಯೇ, ಹಕ್ಕಿಯ ಹತ್ತಿರ ನಾಯಿ ಬಿಡಬಾರದು. ಆದರೆ ಹುಲಿಯ ಅಷ್ಟು ದೂರದಿಂದ ಬಂದ ಹಕ್ಕಿಯತ್ತ ಒಮ್ಮೆ ಮೂಗೆತ್ತಿ, ಹುಗ್ಗಿಯಲ್ಲವೆಂದು ಖಾತ್ರಿಯಾದ ಮೇಲೆ ತಿರುಗಿಯೂ ನೋಡಲಿಲ್ಲ.

ಅವನು ಹೆದರುವುದು ಇಲ್ಲಿಯದೇ ಹಕ್ಕಿಗೆ, ಟಿಟ್ಟಿಭಕ್ಕೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಬಯಲಿನಲ್ಲಿ ಅದು ಗೂಡಿನ ಉಸಾಬರಿಯಿಲ್ಲದೆ ಬರೀ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಸಾಮಾನ್ಯವಾಗಿ ನಾಲ್ಕು, ಮಣ್ಣಿನದೇ ಬಣ್ಣ, ಅದರ ಮೇಲೆ ಕಪ್ಪು ಮಚ್ಚೆ. ತುಳಿಯುವವರೆಗೆ ಕಾಣುವುದಿಲ್ಲ. ಪಂಚತಂತ್ರದಲ್ಲಿ ಮೊಟ್ಟೆಗಾಗಿ ಸಮುದ್ರದ ಮೇಲೇ ಜಗಳಕ್ಕೆ ನಿಂತ ವಂಶ ಅದು. ಒಂದೂವರೆ ಕಿವಿಯ ನಾಯಿ ಯಾವ ಲೆಕ್ಕ? ಒಂದು ಬೆಳಗ್ಗೆ ಅರಚುತ್ತಾ ನೆತ್ತಿಗೆ ನೇರ ಇಳಿಯಿತು. ಹುಲಿಯ ನನ್ನ ಎರಡು ಕಾಲಿನ ನಡುವೆ ನುಗ್ಗಿದ. ಹಗ್ಗ ಮೊಣಕಾಲಿಗೆ ಸುತ್ತಿಕೊಂಡಿತು. ಎರಡನೆಯ ಸುತ್ತಿಗೆ ಹಕ್ಕಿ ನನ್ನ ಮಂಕಿಟೋಪಿಯನ್ನೇ ಗುರಿಯಿಟ್ಟು ಬಂತು. ಬೇಸಿಗೆಯಲ್ಲಿ ಮಂಕಿಟೋಪಿ ಯಾಕೆಂದು ಕೇಳಬೇಡಿ, ಅದೂ ಹೆಂಡತಿಯ ಅಪ್ಪಣೆ. ಕೆರೆಗೋಡು ತುಂಬಲು ಟ್ರ್ಯಾಕ್ಟರು ತಂದಿದ್ದ ಹುಡುಗರು ಗುದ್ದಲಿ ಕೆಳಗಿಟ್ಟು, ಮೂವರ ಈ ಬಯಲಾಟವನ್ನು ಮುಗಿಯುವತನಕ ನೋಡಿದರು.

ಆರಿದ್ರಾ, ಪುನರ್ವಸು ಮಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕಡೆ ಅದು ಗಾಳಿಯೊಂದಿಗೆ ಬರುವ ಸೋನೆ. ಕೊಡೆ, ಹಗ್ಗ, ಪಂಚೆ ಮೂರಕ್ಕೆ ಎರಡು ಕೈ ಸಾಲದು. ನಿಜವಾದ ಮಳೆ ಹಸ್ತಾ ಚಿತ್ತಾದ್ದು. ಸಂಜೆ ಗುಡುಗಿ ರಾತ್ರಿಯೆಲ್ಲ ಹೊಯ್ದು, ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಬರುತ್ತದೆ. ಹುಲಿಯ ಬರುವುದಿಲ್ಲ. ಗುಡುಗು ನಮ್ಮ ಕಿವಿಗೆ ಬೀಳುವ ಮೊದಲೇ ಅವನು ಮಂಚದ ಕೆಳಗಿರುತ್ತಾನೆ.

ಈ ಮಂಚದ ಸಂಗತಿಯನ್ನು ನಾನು ಎಮ್ಮೆಯ ಯಜಮಾನರಿಗೆ ಹೇಳಬಾರದಿತ್ತು. ಅವರ ಮಗನ ಮೊಬೈಲಿನಲ್ಲಿ ಹವಾಮಾನ ಬರುತ್ತದೆ, ಮಳೆ ಮಾತ್ರ ಅದರ ಪ್ರಕಾರ ಬರುವುದಿಲ್ಲ. ಈಚೆಗೆ ಭರಣಿ ಮಳೆಯ ಸಮಯ, ಹೊಲ ಉತ್ತು ಎಲ್ಲರೂ ಮುಗಿಲು ನೋಡುತ್ತಿದ್ದಾರೆ. ನಾನು ಒಬ್ಬನೇ ಬರುವುದನ್ನು ಕಂಡು ಅವರು ದೂರದಿಂದಲೇ ಕೂಗಿದರು.

"ಎಲ್ಲಿ ಸ್ವಾಮಿ ಹುಲಿಯ?"

"ಮಂಚದ ಕೆಳಗೆ. ರಾತ್ರಿಯಿಂದ ಹೊರಗೆ ಬಂದಿಲ್ಲ."

"ಹಂಗಾರೆ ಅಲಸಂದೆ ಬೀಜ ತೆಗೀತೀನಿ," ಎಂದು ಅವರು ಎಮ್ಮೆಗಳನ್ನು ಅಲ್ಲೇ ಬಿಟ್ಟು ಮನೆ ಕಡೆ ನಡೆದೇ ಬಿಟ್ಟರು.

ಹಿಂದಿನ ಸಂಜೆ ಹುಲಿಯ ಬತ್ತಿದ ಕೆರೆಯಂಗಳದಲ್ಲಿ ಸತ್ತ ಮೀನಿನ ಮೇಲೆ ಉರುಳಾಡಿ ಬಂದಿದ್ದ. ಹೆಂಡತಿ ಸೀಗೇಪುಡಿ ಕಲಸಿಟ್ಟು, ಬಚ್ಚಲಿಗೆ ಬಾ ಎಂದು ಕರೆಯುತ್ತಿದ್ದಳು. ಅವನು ಅಡಗಿದ್ದು ಅದಕ್ಕೆ. ಇದನ್ನು ಯಜಮಾನರಿಗೆ ಕೂಗಿ ಹೇಳೋಣವೆಂದುಕೊಂಡೆ. ಆದರೆ ಅವರಾಗಲೇ ದಾರಿಯಲ್ಲಿ ಸಿಕ್ಕಿದ ಇನ್ನಿಬ್ಬರಿಗೆ ಸುದ್ದಿ ಮುಟ್ಟಿಸಿಯಾಗಿತ್ತು.

ಸಂಜೆ ಮಳೆ ಬಂತು, ಬದು ತುಂಬುವಷ್ಟು. ಮಾರನೆಯ ದಿನ ಟೀ ಅಂಗಡಿಯವನು ಹುಲಿಯನಿಗೆ ಬನ್ನು ಕೊಟ್ಟು ಕಾಸು ಬೇಡವೆಂದ. ನನಗೆ ಕೊಟ್ಟ ಸಕ್ಕರೆಯಿಲ್ಲದ ಟೀಗೆ ಮಾತ್ರ ಹತ್ತು ರೂಪಾಯಿ ಎಣಿಸಿ ತೆಗೆದುಕೊಂಡ.