ನಾಟಿ ಮುಗೀಲಿ ಎಂದ ಮನೆ ಮಾಲೀಕರಿಗೆ

ಸಿದ್ದಾಪುರದ ನಮ್ಮ ಸಾಹುಕಾರರಿಗೆ ಬಾಡಿಗೆದಾರನ ಶರಣು.

ಬಚ್ಚಲ ಗೋಡೆಯೊಳಗಿನ ಪೈಪು ಒಡೆದದ್ದನ್ನು ಮತ್ತೆ ಹೇಳಿ ನಿಮಗೆ ಬೇಸರ ತರಿಸುವ ಇರಾದೆ ನನಗಿಲ್ಲ. ಹಸಿ ಈಗ ಅಡುಗೆಮನೆಗೂ ಏರಿದೆ. ಸುಣ್ಣ ಉಬ್ಬಿ ಹಪ್ಪಳದ ಹಾಗೆ ಉದುರುತ್ತಿದೆ, ಜೋಳದ ಡಬ್ಬಿಯ ಹಿಂದೆ ಕರಿ ಬೂಸ್ಟು ಹಿಡಿದಿದೆ. ಅದಿರಲಿ.

ಮೊದಲ ಸಲ ಹೇಳಿದಾಗ ‘ನಾಟಿ ಮುಗೀಲಿ ತಡೀರಿ’ ಅಂದಿರಿ. ಒಪ್ಪಿದೆ. ಕಾಲುವೆಗೆ ನೀರು ಬಿಟ್ಟರೆ ನಮ್ಮ ಕಡೆ ಕೂಲಿಯವರು ಸಿಗುವುದು ಕಷ್ಟವೇ. ಆಮೇಲೆ ಕೊಯ್ಲು. ಆಮೇಲೆ ರೈಸ್ ಮಿಲ್ಲಿನ ಸೀಸನ್ನು. ಅಷ್ಟರಲ್ಲಿ ಬೇಸಿಗೆ ಬೆಳೆಯ ನಾಟಿ. ಎರಡು ಬೆಳೆ ಭತ್ತ ಬೆಳೆಯುವ ಊರಲ್ಲಿ ಬಚ್ಚಲಿಗೆ ಪುರಸೊತ್ತಿನ ತಿಂಗಳೇ ಇಲ್ಲ. ಬಾಡಿಗೆಗೆ ಮಾತ್ರ ಯಾವ ಸೀಸನ್ನೂ ಅಡ್ಡ ಬಂದಿಲ್ಲ. ಐದನೇ ತಾರೀಖು ಬೆಳಗಾದರೆ ನಿಮ್ಮ ಬೈಕು ನಮ್ಮ ಬಾಗಿಲಲ್ಲಿ.

‘ರಿಪೇರಿ ಅಂದ್ರ ಟೈಮ್ ಹಿಡೀತದರಿ’ ಅಂತೀರಿ. ನಿಮ್ಮ ಗದ್ದೆಗೆ ನೀರುಣಿಸುವ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಚೈನು ಕಡಿದು ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಬಂದರು, ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದರು, ವಾರದಲ್ಲಿ ನೀರು ನಿಂತಿತು. ನಮ್ಮದು ಅರ್ಧ ಇಂಚಿನ ಪೈಪು. ಬಹುಶಃ ಅದಕ್ಕೇ ಕಷ್ಟ.

ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ಬಾಡಿಗೆ ಮನೆಯಲ್ಲಿದ್ದ ಎರಡು ವರ್ಷದ ಅವಾಬ್ ಇಶಾಕ್ 2020ರಲ್ಲಿ ತೀರಿಕೊಂಡ. ಅವನ ಹೆಸರಿನ ಕಾನೂನು 2025ರ ಅಕ್ಟೋಬರಿನಿಂದ ಅಲ್ಲಿನ ಸಾಮಾಜಿಕ ವಸತಿ ಮನೆಗಳ ತುರ್ತು ಅಪಾಯಗಳಿಗೆ 24 ಗಂಟೆಯ ಗಡುವು ಹಾಕಿದೆ. ನಮ್ಮ 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದು ‘ಸಮಂಜಸ ಕಾಲ’ ಎಂದಷ್ಟೆ. ಅದು ಎಷ್ಟು ಬೆಳೆಯ ಕಾಲ ಎಂಬುದನ್ನು ನಿಮ್ಮ ವಿವೇಚನೆಗೆ ಬಿಟ್ಟ ಹಾಗಿದೆ. ಕೇಂದ್ರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಪೈಪು ಬದಲಿಸುವುದು ಮಾಲೀಕರ ಪಾಲು, ನಳದ ವಾಷರ್ ಬಾಡಿಗೆದಾರನ ಪಾಲು. ವಾಷರ್ ನಾನು ಹಾಕಿಸಿಯಾಗಿದೆ.

ಹಳೇ ಕಾಯ್ದೆಯ 108ನೇ ಕಲಮಿನಲ್ಲಿ ಇನ್ನೂ ಒಂದು ಮಾತಿದೆ. ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಲೀಕ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಾಯಿಮಾತಲ್ಲಿ ತಿಳಿಸಿ ಸಾಕಾಗಿದೆ. ಈಗ ಇಗೋ, ಬರವಣಿಗೆಯಲ್ಲಿ. ಪ್ಲಂಬರ್ ಸೋಮವಾರ ಗಂಗಾವತಿಯಿಂದ ಬರುತ್ತಾನೆ. ಬಡ್ಡಿ ಲೆಕ್ಕ ನಿಮ್ಮಷ್ಟು ನನಗೆ ಬಾರದು, ಅದನ್ನು ನೀವೇ ಹಾಕಿಕೊಡಿ.