ಗುಡವಿ ಸೀಮೆಯ ಗ್ರೀಷ್ಮಶಯನ ಮೀಮಾಂಸೆ

ಹಕ್ಕಿ ನೋಡಲು ಗುಡವಿ ಪಕ್ಷಿಧಾಮಕ್ಕೆ ಬರುವ ಪಂಡಿತರೆಲ್ಲ ಕೆರೆಯ ಕಡೆಗೇ ದುರ್ಬೀನು ತಿರುಗಿಸುತ್ತಾರೆ. ಹಾವಕ್ಕಿ, ನೀರುಕಾಗೆ, ಬಿಳಿ ಕೆಂಬರಲು ಎಂದು ಪಟ್ಟಿ ಬರೆದುಕೊಂಡು ಮರಳುತ್ತಾರೆ. ಏಪ್ರಿಲ್ ರಾತ್ರಿಗಳಲ್ಲಿ ಆ ಸೀಮೆಯ ಮನುಷ್ಯರು ಎಲ್ಲೆಲ್ಲಿ, ಹೇಗೆ ಹೇಗೆ ಮಲಗುತ್ತಾರೆಂಬ ವಿಚಾರ ಮಾತ್ರ ಶಾಸ್ತ್ರಕಾರರ ಕೈತಪ್ಪಿದೆ. ಆ ಕೊರತೆ ನೀಗಲು ಈ ಗ್ರಂಥ.

ಮೊದಲು ಲಕ್ಷಣ. ನಿದ್ದೆ ಹತ್ತುವ ಹೊತ್ತಿಗೆ ಮೈಯೊಳಗಿನ ಕಾವು ಇಳಿಯತೊಡಗುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಸುಮಾರು 1 ಡಿಗ್ರಿ ಸೆಲ್ಸಿಯಸ್ ತಗ್ಗುತ್ತದೆ. ಇಳಿದ ಕಾವನ್ನು ಯಾರಾದರೂ ವಹಿಸಿಕೊಳ್ಳಬೇಕಲ್ಲ? ವಹಿಸಿಕೊಳ್ಳುವವರನ್ನು ಅನುಸರಿಸಿ ಮಲಗುವವರಲ್ಲಿ ಮೂರು ಪಂಥ.

ಒಂದು, ನೆಲಪಂಥ. ಇವರು ಮಂಚವನ್ನು ತ್ಯಜಿಸಿದವರು. ಸಗಣಿ ಸಾರಿಸಿದ ನೆಲದವರು, ಕಾವಿ ನೆಲದವರು, ಟೈಲ್ಸಿನವರು ಎಂದು ಉಪಭೇದಗಳುಂಟು. ಚಾಪೆ ಹಾಸಿದವನನ್ನು ಕಟ್ಟಾ ಅನುಯಾಯಿಗಳು ಪತಿತನೆಂದೇ ಗಣಿಸುತ್ತಾರೆ. ಮೈ ತಾಗಿದ ಜಾಗ ಅರೆಗಳಿಗೆಯಲ್ಲಿ ಬೆಚ್ಚಗಾಗುವುದರಿಂದ ಇವರು ಪಕ್ಕದ ತಣ್ಣನೆ ಜಾಗಕ್ಕೆ ಉರುಳುತ್ತ ಹೋಗುತ್ತಾರೆ. ನಡುಮನೆಯಲ್ಲಿ ಮಲಗಿದವರು ಬೆಳಗ್ಗೆ ಬಚ್ಚಲು ಬಾಗಿಲಲ್ಲಿ ಸಿಕ್ಕುತ್ತಾರೆ.

ಎರಡು, ಗಾಳಿಪಂಥ. ಜಗುಲಿಯವರು, ಅಂಗಳದವರು, ಫ್ಯಾನಿನವರು ಎಂದು ಇದು ತ್ರಿವಿಧ. ಅಂಗಳದವರ ವಾದಕ್ಕೆ ಬಲವಿದೆ: ತಿಳಿಯಾದ ಆಕಾಶದ ಕೆಳಗೆ ನೆಲದ ಬಿಸಿ ಬೇಗ ಆರುತ್ತದೆ. ಆದರೆ ದರಕು ಬಿದ್ದಲ್ಲಿ ಮೈಚಾಚುವುದು ನಿಷಿದ್ಧ. ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವಂಥದ್ದು; ಅದರ ಕಾಲವೂ ಈ ಬೇಸಿಗೆಯೇ. ಇನ್ನು ಫ್ಯಾನಿನವರ ಭಾಗ್ಯ ಸೂರನ್ನು ಅವಲಂಬಿಸಿದೆ. ಹೆಂಚಿನ ಮನೆಯಲ್ಲಿ ಬಿಸಿಗಾಳಿ ಮೇಲೇರಿ ಸಂದಿಯಿಂದ ಹೊರಬೀಳುತ್ತದೆ. ಆರ್‌ಸಿಸಿ ಮನೆಯ ತಾರಸಿಯಾದರೋ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕೆಳಗಿಳಿಸುತ್ತದೆ. ಫ್ಯಾನು ಅದನ್ನೇ ಪ್ರಸಾದದಂತೆ ಎಲ್ಲರಿಗೂ ಹಂಚುತ್ತದೆ.

ಮೂರು, ನೀರುಪಂಥ. ಒಂದು ಲೀಟರ್ ಬೆವರು ಮೈಮೇಲೆ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಕಾವನ್ನು ಒಯ್ಯುತ್ತದೆ. ಒದ್ದೆ ಟವೆಲ್ ಹೊದೆಯುವವರು ಈ ತತ್ತ್ವದ ಉಪಾಸಕರು. ಮಳೆ ಕಟ್ಟಿದ ಸೆಕೆಯಲ್ಲಿ ಬೆವರೂ ಆರದು, ಟವೆಲೂ ಆರದು. ಆಗ ಪಂಥವೇ ಕುಸಿಯುತ್ತದೆ. ಹಂಡೆಯ ಬಿಸಿನೀರು ಮಿಂದು ಮಲಗುವ ಹಿರಿಯರನ್ನು ಕಂಡು ಹುಡುಗರು ನಗುವುದುಂಟು. ಬಿಸಿನೀರಿಗೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಕಾವು ಕೈಕಾಲುಗಳಿಂದ ಹೊರಗೆ ಹೋಗುವುದರಿಂದ ಗೆಲುವು ಹಿರಿಯರದೇ. ಬೆವರುಗ್ರಂಥಿಯೇ ಇಲ್ಲದ ನೀರುಕಾಗೆ ಗಂಟಲನ್ನು ಪಟಪಟ ಅದುರಿಸಿ ತಂಪಾಗುತ್ತದೆ. ಮನುಷ್ಯರು ಇದನ್ನು ಗೊರಕೆಯ ರೂಪದಲ್ಲಿ ಅನುಕರಿಸಿದರೂ ಫಲ ಕಂಡಿಲ್ಲ.

ಮೂರಕ್ಕೂ ಹೊರತಾದದ್ದು ಅಪ್ಪೆಹುಳಿ ಪಂಥ. ಅಪ್ಪೆಮಾವಿನ ಕಾಯಿ ಬೇಯಿಸಿ, ಕಿವುಚಿ, ನೀರು ಉಪ್ಪು ಬೆರೆಸಿ, ಇಂಗು-ಸಾಸಿವೆ-ಒಣಮೆಣಸಿನ ಒಗ್ಗರಣೆ ಕೊಟ್ಟದ್ದನ್ನು ಊಟದ ಕೊನೆಗೆ ಎರಡು ಲೋಟ ಏರಿಸುವುದು. ಸೆಕೆ ಇದ್ದಲ್ಲೇ ಇರುತ್ತದೆ. ದೂರುವವರು ಮಾತ್ರ ಎಚ್ಚರ ಇರುವುದಿಲ್ಲ.

ಈಗ ಸಂಧಿಪ್ರಕರಣ. ಕರೆಂಟು ಲೋಪವಾದಲ್ಲಿ ಸೊಳ್ಳೆ ಆಗಮ; ಫ್ಯಾನಿನ ಸ್ಥಾನದಲ್ಲಿ ಅಡಿಕೆ ಹಾಳೆಯ ಬೀಸಣಿಗೆ ಆದೇಶ. ಬೀಸುವ ಕೈಗೆ ನಿದ್ದೆ ಬಂದರೆ ಮತ್ತೆ ಲೋಪ. ಸೊಳ್ಳೆಪರದೆ ಕಟ್ಟಿದರೆ ಸೊಳ್ಳೆಯ ಜೊತೆಗೆ ಗಾಳಿಗೂ ತಡೆ.

ಸಿದ್ಧಾಂತ: ತಂಪೆಂದರೆ ನಮ್ಮ ಕಾವನ್ನು ಬೇರೆಯವರಿಗೆ ದಾಟಿಸುವುದು. ಕೋಣೆಯಲ್ಲಿ ನಾಲ್ವರಿದ್ದರೆ ನಾಲ್ವರೂ ಅದನ್ನೇ ಮಾಡುತ್ತಿರುತ್ತಾರೆ. ಆದ್ದರಿಂದ ಫ್ಯಾನಿನ ನೇರ ಕೆಳಗಿನ ಜಾಗ ಒಂದೇ, ಅದು ಮೊದಲು ಬಂದು ಮಲಗಿದವರದು. ಈ ಸೂತ್ರಕ್ಕೆ ಅಪವಾದವಿಲ್ಲ. ನೆಂಟರು ಬಂದರೆ ಮಾತ್ರ ಅವರದು.